ಬರೀ ಸೂಪರ್ ಅನ್ನಬೇಡಿ, ಏನು ಚೆನ್ನಾಗಿತ್ತು ಅಂತ ಹೇಳಿ

ಸುಮ್ನೆ "ಸೂಪರ್" ಅಂದರೆ ಯಾರ ಮನಸ್ಸಿಗೂ ಅಷ್ಟಾಗಿ ತಾಗುವುದಿಲ್ಲ. ನಮ್ಮ ಮಂಡ್ಯದ ಬೆಲ್ಲ ಮಾಡುವ ಆಲೆಮನೆಗಳಲ್ಲಿ ಪಾಕ ನೋಡಿಕೊಳ್ಳುವವರಿಗೆ "ಅಣ್ಣ, ಇವತ್ತು ಸರಿಯಾದ ಹದಕ್ಕೆ ಇಳಿಸಿದ್ದೀರಿ, ಅಚ್ಚು ಗಟ್ಟಿಯಾಗಿ ಬಂದಿದೆ" ಅಂದು ನೋಡಿ. ಬೆಂಕಿ ಮುಂದೆ ದುಡಿಯುವವರಿಗೆ ಕೂಲಿಯ ಜೊತೆ ಈ ಮಾತೂ ಸಲ್ಲಬೇಕು. ಅವತ್ತೇ, ನಾಲ್ಕು ಜನರ ಮುಂದೆ ಹೇಳಿ. ತಪ್ಪಿದ್ದರೆ ಮಾತ್ರ ಪಕ್ಕಕ್ಕೆ ಕರೆದು ಹೇಳಿ.

ಮಕ್ಕಳ ವಿಷಯದಲ್ಲಂತೂ ಇದು ಇನ್ನೂ ಮುಖ್ಯ. ಅಮೆರಿಕದ ಮನೋವಿಜ್ಞಾನಿಗಳಾದ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, "ನೀನು ಜಾಣ" ಅನ್ನಿಸಿಕೊಂಡ ಮಕ್ಕಳು ಒಮ್ಮೆ ಸೋತ ಮೇಲೆ ಹುಮ್ಮಸ್ಸು ಕಳೆದುಕೊಂಡರು. "ಚೆನ್ನಾಗಿ ಶ್ರಮಪಟ್ಟೆ" ಅನ್ನಿಸಿಕೊಂಡವರು ಪ್ರಯತ್ನ ಮುಂದುವರಿಸಲು ಜಾಸ್ತಿ ಆಸಕ್ತಿ ತೋರಿದರು.

ಗಂಡ ಹೆಂಡತಿ ನಡುವೆಯೂ ಅಷ್ಟೇ. ಅವರಿಗೆ ಗೊತ್ತೇ ಇರುತ್ತೆ ಅಂತ ಸುಮ್ಮನಿರಬೇಡಿ, ಬಾಯಿಬಿಟ್ಟು ಹೇಳಿ.