ರಕೂನ್ ತೊಗಲಿನ ನೆಣ ಹೆರೆಯುವುದು: ಯಾವ ಬಾಯಿ ಎಲ್ಲಿಗೆ?

ಅಮೆರಿಕದಲ್ಲಿರುವ ನಮ್ಮವರಿಗೆ ರಕೂನ್ ಅಂದರೆ ರಾತ್ರಿ ಬಂದು ಕಸದ ಡಬ್ಬಿ ಉರುಳಿಸಿ ಹೋಗುವ, ಕಣ್ಣಿಗೆ ಕಪ್ಪುಪಟ್ಟಿ ಕಟ್ಟಿದ ಕಳ್ಳ. ಅಲ್ಲಿನ ಹಳ್ಳಿಗಳಲ್ಲಿ ಲೈಸೆನ್ಸ್ ಪಡೆದು ಬೋನು ಹಾಕುವವರಿಗೆ ಅದು ತುಪ್ಪಳದ ಪ್ರಾಣಿ. 1920ರ ದಶಕದಲ್ಲಿ ಕಾಲೇಜು ಹುಡುಗರು ಇದರ ಉದ್ದ ಕೋಟು ತೊಟ್ಟು ಫುಟ್‌ಬಾಲ್ ಪಂದ್ಯಕ್ಕೆ ಹೋಗುತ್ತಿದ್ದರು. ಆ ಕಾಲದ ಬೆಲೆ ಈಗಿಲ್ಲ, ಆದರೆ ತೊಗಲು ಹಸನು ಮಾಡುವ ಕೆಲಸವೇನೂ ಕಡಿಮೆಯಾಗಿಲ್ಲ. ಚಳಿಗಾಲಕ್ಕೆಂದು ಮೈತುಂಬ ನೆಣ ಕೂಡಿಹಾಕಿಕೊಳ್ಳುವ ಪ್ರಾಣಿಯಿದು. ಆ ನೆಣ ಪೂರ್ತಿ ಹೋಗದಿದ್ದರೆ ತೊಗಲು ಕಮಟು ಹಿಡಿದು ಹಳದಿಯಾಗುತ್ತದೆ, ಹದ ಮಾಡುವಾಗ ಹರಿಯುತ್ತದೆ.

ತೊಗಲಿನ ಒಳಮೈಯಲ್ಲಿ ಎರಡು ಬಗೆಯ ವಸ್ತುಗಳಿವೆ, ಕಷ್ಟ ಶುರುವಾಗುವುದೇ ಅಲ್ಲಿ. ಕುತ್ತಿಗೆಯ ಹಿಂಭಾಗದಿಂದ ಭುಜ ದಾಟುವವರೆಗೆ ರಬ್ಬರಿನಂಥ ದಪ್ಪ ಬಿಳಿ ಪೊರೆ ಚರ್ಮಕ್ಕೆ ಅಂಟಿಕೊಂಡಿರುತ್ತದೆ. ವಯಸ್ಸಾದ ಗಂಡಿನಲ್ಲಿ ಇದು ಇನ್ನೂ ಬಿರುಸು. ಅದರಿಂದ ಕೆಳಕ್ಕೆ ಬಹುಪಾಲು ಮೆತ್ತಗಿನ ನೆಣ. ಪೊರೆಯನ್ನು ಕೊಯ್ದು ತೆಗೆಯಬೇಕು, ನೆಣವನ್ನು ತಳ್ಳಿ ತೆಗೆಯಬೇಕು. ಆದ್ದರಿಂದಲೇ ಒಂದೇ ಬಾಯಿಯ ಚಾಕುವಿನಲ್ಲಿ ಈ ಕೆಲಸ ನೆಟ್ಟಗೆ ಆಗುವುದಿಲ್ಲ.

ಚಾಕು

ಬೇಕಾದದ್ದು ಎರಡು ಹಿಡಿಯ, ಎರಡು ಬಾಯಿಯ ಚಾಕು: ಒಂದು ಬಾಯಿ ಹರಿತ, ಇನ್ನೊಂದು ಮೊಂಡು. ಅಲಗು ಸುಮಾರು 12 ಅಂಗುಲ ಇದ್ದರೆ ಎರಡೂ ತೋಳಿನ ಬಲ ಅದರ ಮೇಲೆ ಬೀಳುತ್ತದೆ. 8 ಅಂಗುಲದ್ದು ಅಗ್ಗ, ಸಣ್ಣ ಪ್ರಾಣಿಗಳಿಗೆ ಸಾಕು. ದೊಡ್ಡ ರಕೂನಿಗೆ ಮಾತ್ರ ಮಣಿಕಟ್ಟು ನೋಯುತ್ತದೆ. ನೆಕರ್, ವೀಬಿ, ಕ್ಯಾರಿಬೂ ಎಂಬ ಚಾಕುಗಳ ಹೆಸರುಗಳು ಈ ಕಸುಬಿನವರ ಬಾಯಲ್ಲಿ ಸದಾ ಕೇಳಿಬರುತ್ತವೆ. ಹೆಸರಿಗಿಂತ ಮೊದಲು ಅಲಗನ್ನು ನೋಡಿ. ಒತ್ತಿದರೆ ಬಾಗುವಂಥದ್ದು ಬೇಡ. ಬಾಗುವ ಅಲಗು ಪೊರೆಯ ಮೇಲೆ ಜಾರಿ, ಮೆತ್ತಗಿನ ಜಾಗದಲ್ಲಿ ಕಚ್ಚುತ್ತದೆ. ನಮ್ಮ ಚಮ್ಮಾರರ ರಂಪಿಗೆ ಚರ್ಮ ಕೊಯ್ಯುವುದಕ್ಕೆ ಹೇಳಿಮಾಡಿಸಿದ್ದಾದರೂ ಒಂದು ಕೈಯ ಹತಾರು, ಇಲ್ಲಿಗೆ ಒಗ್ಗದು. ಅಡುಗೆ ಚಾಕುವಂತೂ ಬೇಡವೇ ಬೇಡ.

ಹೊಸ ಚಾಕುವಿನ ಹರಿತ ಬಾಯಿ ಸಾಮಾನ್ಯವಾಗಿ ಕೆಲಸಕ್ಕೆ ಸಿದ್ಧವಾಗಿ ಬರುವುದಿಲ್ಲ. ಸಾಣೆಕಲ್ಲಿನ ಮೇಲೆ ಮಸೆದು, ಕೆಲಸದ ನಡುವೆ ಉಕ್ಕಿನ ಕಡ್ಡಿಯಿಂದ ಆಗಾಗ ತೀಡುತ್ತಿರಬೇಕು. ಮೊಂಡು ಬಾಯಿಯ ಮೇಲೂ ಬೆರಳು ಆಡಿಸಿ ನೋಡಿ: ಎಲ್ಲಾದರೂ ಕಚ್ಚು ಬಿದ್ದಿದ್ದರೆ ಸಣ್ಣ ಅರದಿಂದ ಉಜ್ಜಿ ನಯ ಮಾಡಿ. ಆ ಕಚ್ಚು ತೊಗಲಿನ ಉದ್ದಕ್ಕೂ ಗೀರು ಎಳೆಯುತ್ತದೆ.

ದಿಮ್ಮಿ

ತೊಗಲನ್ನು ತೊಡಿಸಿ ಹೆರೆಯಲು 5–6 ಅಡಿ ಉದ್ದದ, ಬೆನ್ನು ಗುಂಡಗಿರುವ, ತುದಿ ಕಿರಿದಾಗುವ ಗಟ್ಟಿಮರದ ದಿಮ್ಮಿಯನ್ನು ಓರೆಯಾಗಿ ನಿಲ್ಲಿಸಿ. ತುದಿ ನಿಮ್ಮ ಸೊಂಟದ ಎತ್ತರಕ್ಕೆ ಬರಲಿ. ಮರದಲ್ಲಿ ಗಂಟು, ಸೀಳು ಇರಬಾರದು. ಕೆಳಗೆ ಉಬ್ಬಿದ್ದಲ್ಲಿ ಮೇಲಿನ ತೊಗಲಿಗೆ ತೂತು.

ಕೆಲಸ

ಮೊದಲು ತುಪ್ಪಳವನ್ನು ಬಾಚಿ. ಕೂದಲಲ್ಲಿ ಸಿಕ್ಕಿದ ಮುಳ್ಳುಕಾಯಿ, ಒಣಗಿದ ಕೆಸರು ಕೂಡ ಕೆಳಗಿನಿಂದ ಉಬ್ಬಿ, ತೂತು ಬೀಳಿಸುತ್ತವೆ. ಇದನ್ನು ಬಿಟ್ಟವರೇ ಚಾಕುವನ್ನು ಬೈಯುವುದು.

ಕಾಲುಚೀಲದಂತೆ ಕಳಚಿದ ತೊಗಲನ್ನು, ತುಪ್ಪಳ ಒಳಗೆ ಬರುವಂತೆ, ಮೂಗು ಮೇಲಾಗಿ ದಿಮ್ಮಿಗೆ ತೊಡಿಸಿ. ಮೂತಿಯ ಭಾಗವನ್ನು ದಿಮ್ಮಿಯ ತುದಿಗೂ ನಿಮ್ಮ ಹೊಟ್ಟೆಗೂ ನಡುವೆ ಒತ್ತಿ ಹಿಡಿಯಿರಿ. ರಬ್ಬರ್ ಏಪ್ರನ್ ಇರಲಿ.

ಕಿವಿಗಳ ಹಿಂದೆ, ಹರಿತ ಬಾಯಿಯನ್ನು ಬಹುತೇಕ ಮಲಗಿಸಿ, ಪೊರೆಯನ್ನು ಅಡ್ಡಕ್ಕೆ ಕೊಯ್ದು ಒಂದು ಅಂಚು ಎಬ್ಬಿಸಿ. ಈ ಅಂಚು ಸಿಗುವವರೆಗೆ ಅವಸರ ಬೇಡ. ಆಮೇಲೆ ಚಾಕುವನ್ನು ಕೊಂಚ ಎಡಬಲಕ್ಕೆ ಆಡಿಸುತ್ತ ಮುಂದಕ್ಕೆ ತಳ್ಳಿದರೆ ಪೊರೆ ಹಾಳೆಯಂತೆ ಸುಲಿದು ಬರುತ್ತದೆ. ಕೆಳಗೆ ಕೆನೆಬಣ್ಣದ ನುಣುಪು ಚರ್ಮ ಕಾಣುತ್ತದೆ. ಚರ್ಮದಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕೆ ಕಂಡರೆ ತಕ್ಷಣ ನಿಲ್ಲಿಸಿ. ಅವು ಕೂದಲಿನ ಬೇರು, ನೀವು ತೀರಾ ಆಳಕ್ಕೆ ಇಳಿದಿದ್ದೀರಿ. ಇನ್ನಷ್ಟು ಹೆರೆದರೆ ಆ ಜಾಗದ ತುಪ್ಪಳ ಉದುರುತ್ತದೆ.

ಭುಜ ದಾಟಿ ಪೊರೆ ತೆಳುವಾದೊಡನೆ ಚಾಕು ತಿರುಗಿಸಿ. ಮೊಂಡು ಬಾಯಿಯನ್ನು ನೆಟ್ಟಗೆ ನಿಲ್ಲಿಸಿ ತಳ್ಳಿದರೆ ನೆಣ ಅಲೆಯಂತೆ ಮಡಿಚಿಕೊಂಡು ಕೆಳಗೆ ಜಾರುತ್ತದೆ. ಇಲ್ಲೂ ಹರಿತ ಬಾಯಿಯನ್ನೇ ಬಳಸಿದರೆ ಸಡಿಲ ನೆಣದಲ್ಲಿ ಅದಕ್ಕೆ ತಡೆಯೇ ಸಿಗದೆ ನೇರ ಚರ್ಮಕ್ಕೆ ಇಳಿಯುತ್ತದೆ. ಅತ್ತ ಕುತ್ತಿಗೆಗೆ ಮೊಂಡು ಬಾಯಿ ಹಾಕಿದರೆ ಪೊರೆ ಏಳುವುದೇ ಇಲ್ಲ. ಸಿಟ್ಟಿನಲ್ಲಿ ಬಲ ಹಾಕಿದಿರೋ, ಮುಂಗಾಲಿನ ತೂತಿನ ಹತ್ತಿರ ಪರ್ರೆಂದು ಹರಿಯುತ್ತದೆ.

ಯಾವಾಗಲೂ ತಲೆಯಿಂದ ಬಾಲದ ಕಡೆಗೇ ತಳ್ಳಿ. ಬೆನ್ನು ಮುಗಿದ ಮೇಲೆ ತೊಗಲನ್ನು ಸ್ವಲ್ಪ ಸ್ವಲ್ಪವೇ ಸುತ್ತಿಸುತ್ತ ಪಕ್ಕೆ, ಹೊಟ್ಟೆಗೆ ಬನ್ನಿ. ಕಂಕುಳು ಮತ್ತು ಹೊಟ್ಟೆಯ ಚರ್ಮ ತೆಳು. ಹೆಣ್ಣಾದರೆ ಮೊಲೆತೊಟ್ಟುಗಳ ಮೇಲೆ ಚಾಕು ಹಗುರಾಗಿ ಹಾಯಲಿ, ಇಲ್ಲವೆಂದರೆ ಒಂದೊಂದು ತೊಟ್ಟಿಗೆ ಒಂದೊಂದು ತೂತು. ಬಾಲವನ್ನು ಕೆಳಬದಿಯಲ್ಲಿ ತುದಿಯವರೆಗೂ ಸೀಳಿ, ಒಳಗಿನ ನೆಣ ತೆಗೆಯಿರಿ. ತುದಿಯ ಒಂದು ಅಂಗುಲ ಬಿಟ್ಟರೂ ಅಲ್ಲಿಂದಲೇ ಕೊಳೆಯುತ್ತದೆ. ಬಿದ್ದ ತೂತುಗಳನ್ನು ಚರ್ಮ ಹಸಿಯಿರುವಾಗಲೇ ಮೇಣ ಹಚ್ಚಿದ ದಾರದಿಂದ ಒಳಬದಿಯಲ್ಲಿ ಹೊಲಿಯಿರಿ. ಕೈ ಪಳಗಿದವರಿಗೆ ಇಷ್ಟೂ ಕೆಲಸಕ್ಕೆ 10–15 ನಿಮಿಷ. ಮೊದಲ ತೊಗಲಿಗೆ ಒಂದು ಗಂಟೆ ಹಿಡಿದರೂ ನಾಚಿಕೆಪಡಬೇಕಿಲ್ಲ.

ಅದೇ ದಿನ ಆಗದಿದ್ದರೆ ತೊಗಲನ್ನು ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿಗೆ ಹಾಕಿ. ಹೆರೆಯುವ ಮುನ್ನ ಮಂಜು ಪೂರ್ತಿ ಬಿಡಬೇಕು.

ಕೈಗವಸು ಕಡ್ಡಾಯ. ರಕೂನಿಗೆ ರೇಬಿಸ್ ಬರುತ್ತದೆ. ಅದರ ಮಲದಲ್ಲಿರುವ ದುಂಡುಹುಳುವಿನ ಮೊಟ್ಟೆ ಮನುಷ್ಯರ ಹೊಟ್ಟೆ ಸೇರಿದರೆ ಮರಿಹುಳು ಮಿದುಳಿಗೂ ಹೋಗಬಹುದು. ಮಾಮೂಲಿ ಫಿನಾಯಿಲ್‌ಗೆ ಆ ಮೊಟ್ಟೆ ಜಗ್ಗದು. ದಿಮ್ಮಿಗೂ ಚಾಕುವಿಗೂ ಕುದಿಯುವ ನೀರೇ ಬೇಕು. ಊರಲ್ಲಿ ಮುಂಗುಸಿಯನ್ನೋ ಪುನುಗನ್ನೋ ಹಿಡಿದು ಇದನ್ನು ಪ್ರಯೋಗಿಸುವ ಯೋಚನೆಯಿದ್ದರೆ ಈಗಲೇ ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜೈಲಾಗುತ್ತದೆ.

ಒಣಗಿಸುವುದು

ಉಳಿದ ಜಿಡ್ಡನ್ನು ಮರದ ಹೊಟ್ಟಿನಿಂದ ಒರೆಸಿ, ಚರ್ಮ ಹೊರಗಾಗಿ ತೊಗಲನ್ನು ಹಲಗೆಗೋ ತಂತಿಯ ಚೌಕಟ್ಟಿಗೋ ಏರಿಸಿ. ಉದ್ದ ಸಿಗಲೆಂದು ಮಿತಿಮೀರಿ ಎಳೆದರೆ ತುಪ್ಪಳ ತೆಳುವಾಗಿ ಕಾಣುತ್ತದೆ. ಬಾಲವನ್ನು ಬಿಚ್ಚಿ ಮೊಳೆ ಹೊಡೆಯಿರಿ. ಗಾಳಿಯಾಡುವ, 10–18 ಡಿಗ್ರಿ ಸೆಲ್ಸಿಯಸ್ ಇರುವ ಕೋಣೆ ಒಳ್ಳೆಯದು. ಬೇಗ ಆಗಲೆಂದು ಒಲೆಯ ಬಳಿ ಇಟ್ಟರೆ ಉಳಿದ ನೆಣ ಕರಗಿ ಚರ್ಮದೊಳಕ್ಕೆ ಇಳಿದು ಅದನ್ನು ಸುಡುತ್ತದೆ. ಅಂಥ ತೊಗಲು ಹದದ ತೊಟ್ಟಿಯಲ್ಲಿ ಚೂರುಚೂರಾಗುತ್ತದೆ. ಮೊದಲ ಎರಡು ದಿನ ಒಸರುವ ಎಣ್ಣೆಯನ್ನು ಬಟ್ಟೆಯಿಂದ ಒರೆಸುತ್ತಿರಿ. ವಾರದೊಳಗೆ ಚರ್ಮ ಗರಿಗರಿಯಾಗುತ್ತದೆ. ಕೊನೆಗೆ ಒಣಗುವುದು ಕಿವಿಯ ಬುಡ ಮತ್ತು ಬಾಲದ ಬುಡ. ಬೆರಳಿನಿಂದ ಒತ್ತಿದಾಗ ಅಲ್ಲಿ ಮೆತ್ತಗೆ ಅನ್ನಿಸಿದರೆ ಇನ್ನೊಂದು ದಿನ ಹಲಗೆಯ ಮೇಲೇ ಬಿಡಿ.