ಅಡಿಕೆ ತೋಟದಲ್ಲಿ ಹಿಪ್ಪಲಿ: ನಾಟಿಯಿಂದ ಒಣಗಿಸುವವರೆಗೆ

ಶುಂಠಿ, ಕಾಳುಮೆಣಸಿನ ಜೊತೆ ತ್ರಿಕಟು ಚೂರ್ಣಕ್ಕೆ ಸೇರುವ ಹಿಪ್ಪಲಿ, ಪಶ್ಚಿಮ ಘಟ್ಟದ ಮಳೆಕಾಡಿನಲ್ಲಿ ನೆಲಕ್ಕಂಟಿ ಹಬ್ಬುವ ಬಳ್ಳಿ. ತಂಪು, ತೇವ ಇರುವ ಅಡಿಕೆ ತೋಟ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಶೇ. 25ರಷ್ಟು ನೆರಳು ಸಾಕು. ನೆರಳು ಹೆಚ್ಚಾದರೆ ಇಳುವರಿ ಬೀಳುತ್ತದೆ.

ಗಿಡ ತರುವಾಗಲೇ ಎಚ್ಚರ ಬೇಕು. ಕಾಳುಮೆಣಸಿನ ಕಸಿಗೆ ಬಳಸುವ ಬ್ರೆಜಿಲ್ ಹಿಪ್ಪಲಿಯನ್ನೂ ಮಲೆನಾಡಿನಲ್ಲಿ ‘ಹಿಪ್ಪಲಿ’ ಎಂದೇ ಕರೆಯುತ್ತಾರೆ. ಅದು ನೆಟ್ಟಗೆ ಪೊದೆಯಾಗಿ ಬೆಳೆಯುವ ಬೇರೆಯೇ ಗಿಡ, ಔಷಧಿಯ ಹಿಪ್ಪಲಿ ಅಲ್ಲ. ಇನ್ನು, ಈ ಬಳ್ಳಿಯಲ್ಲಿ ಗಂಡು ಹೆಣ್ಣು ಬೇರೆ ಬೇರೆ. ಗಂಡಿನ ತೆನೆ ಉದ್ದ, ತೆಳು. ಹೆಣ್ಣಿನದು ಗಿಡ್ಡ, ದಪ್ಪ. ಬೇಕಾದದ್ದು ಹೆಣ್ಣಿನದು. ಹಾಗಾಗಿ ತೆನೆ ಬಿಟ್ಟದ್ದನ್ನು ಕಣ್ಣಾರೆ ನೋಡಿಯೇ ಬಳ್ಳಿ ಕತ್ತರಿಸಿ. ಕೇರಳ ಕೃಷಿ ವಿಶ್ವವಿದ್ಯಾಲಯದ ‘ವಿಶ್ವಂ’ ತಳಿ ಸಿಕ್ಕರೆ ಅದನ್ನೇ ಹಾಕಿ.

ಮಾರ್ಚ್–ಏಪ್ರಿಲಿನಲ್ಲಿ 3ರಿಂದ 5 ಗಿಣ್ಣಿನ ತುಂಡುಗಳನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬೇರು ಬರಿಸಿ, ಮಳೆ ಹಿಡಿದ ಮೇಲೆ ತೋಟಕ್ಕೆ ಇಳಿಸಿ. ನೀರು ನಿಲ್ಲದಂತೆ ಏರುಮಡಿ, 60 ಸೆಂ.ಮೀ. ಅಂತರಕ್ಕೊಂದು ಗುಂಡಿ, ಗುಂಡಿಗೆ 100 ಗ್ರಾಂ ಕಳಿತ ಕೊಟ್ಟಿಗೆ ಗೊಬ್ಬರ, ಎರಡು ಗಿಡ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ತಪ್ಪಬಾರದು. ಆಗ ಬಳ್ಳಿ ಹಳದಿಯಾಗಿ ಬಾಡಿದರೆ ಬುಡ ಕೆದಕಿ ನೋಡಿ, ಬೇರಿಗೆ ಹಿಟ್ಟು ತಿಗಣೆ ಅಂಟಿರಬಹುದು. ಮಳೆಗಾಲದ ಎಲೆ, ಕಾಂಡದ ಕೊಳೆಗೆ ಅಡಿಕೆಗೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣವೇ ಆಗುತ್ತದೆ. ಕೊಯ್ಲು ಹತ್ತಿರವಿದ್ದರೆ ಮಾತ್ರ ಹೊಡೆಯಬೇಡಿ, ಇದು ಹೊಟ್ಟೆಗೆ ಹೋಗುವ ಮದ್ದು.

ಬೆಲೆ ನಿಲ್ಲುವುದು ಕೊಯ್ಲಿನ ಹದದ ಮೇಲೆ. ನೆಟ್ಟು ಸುಮಾರು ಆರು ತಿಂಗಳಿಗೆ ತೆನೆ ಶುರು. ಒಂದೊಂದು ತೆನೆ ಬಲಿಯಲು ಎರಡು ತಿಂಗಳು ಬೇಕು. ಬಣ್ಣ ಕಪ್ಪುಹಸಿರಿಗೆ ತಿರುಗಿ, ಹಿಚುಕಿದರೆ ಗಟ್ಟಿಯಾಗಿದ್ದು, ತುದಿ ಕಚ್ಚಿದರೆ ನಾಲಿಗೆ ಚುರುಗುಟ್ಟಬೇಕು. ಹಣ್ಣಾಗಿ ಮೆತ್ತಗಾದರೆ ಖಾರ ಇಳಿಯುತ್ತದೆ, ಒಣಗಿಸಿದರೂ ಪಟ್ಟನೆ ಮುರಿಯುವುದಿಲ್ಲ. ಎಲ್ಲ ತೆನೆ ಒಟ್ಟಿಗೆ ಬಲಿಯುವುದಿಲ್ಲವಾದ್ದರಿಂದ ಹಲವು ಸಲ ಆರಿಸಿ ಕೊಯ್ಯಬೇಕು. ಚಾಪೆಯ ಮೇಲೆ ತೆಳ್ಳಗೆ ಹರಡಿ 4–5 ಬಿಸಿಲು ಕೊಡಿ. 10 ಕಿಲೋ ಹಸಿಗೆ ಒಂದೂವರೆ ಕಿಲೋ ಒಣ ಹಿಪ್ಪಲಿ ಬರುತ್ತದೆ. ಪೂರ್ತಿ ಒಣಗದೆ ಡಬ್ಬಿಗೆ ತುಂಬಿದರೆ ಬೂಸಲು ಖಂಡಿತ.

ಮನೆಮದ್ದಿಗೆ ಇಟ್ಟುಕೊಳ್ಳುವವರು ಗಮನಿಸಿ: ಅತಿಯಾಗಿ ಬಳಸಬಾರದೆಂದು ಚರಕ ಸಂಹಿತೆ ಹೇಳುವ ಮೂರರಲ್ಲಿ ಉಪ್ಪು, ಕ್ಷಾರದ ಜೊತೆ ಹಿಪ್ಪಲಿಯೂ ಇದೆ. ಇದರಲ್ಲಿರುವ ಪೈಪರಿನ್ ಕೆಲವು ಮಾತ್ರೆಗಳು ರಕ್ತಕ್ಕೆ ಸೇರುವ ಪ್ರಮಾಣವನ್ನು ಏರಿಸುತ್ತದೆ. ದಿನವೂ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ಮೂರು ವರ್ಷದ ನಂತರ ಫಸಲು ಇಳಿಯುತ್ತದೆ. ಆಗ ಬಳ್ಳಿಯನ್ನು ಬುಡಕ್ಕೆ ಕತ್ತರಿಸಿ, ಬೇರು ಅಗೆದು ತೊಳೆದು, ಒಂದು ದಿನ ನೆರಳಲ್ಲಿ ರಾಶಿ ಹಾಕಿಟ್ಟು, 2.5ರಿಂದ 5 ಸೆಂ.ಮೀ. ತುಂಡು ಮಾಡಿ. ಹಿಪ್ಪಲಿ ಮೂಲವೆಂದು ಗ್ರಂಥಿಗೆ ಅಂಗಡಿಯವರು ಕೊಳ್ಳುವುದು ಇದನ್ನೇ.