ಟೆಲಿಗ್ರಾಂ ಬಳಗದಲ್ಲಿ 'ರೆಸಾರ್ಟ್' ಆಡಿಸುವ ಬಗೆ

ಗುಂಪಿನೊಳಗೇ ಗುಟ್ಟಾಗಿ ಅಡಗಿರುವ ಎದುರಾಳಿಗಳನ್ನು ಮಾತಿನಿಂದಲೇ ಪತ್ತೆ ಹಚ್ಚುವ ಮಾಫಿಯಾ ಆಟ ಎದುರುಬದುರು ಕೂತು ಆಡಿದವರು ನಿಮ್ಮಲ್ಲಿ ಬಹಳ ಜನ ಇರಬಹುದು. ಕಣ್ಣು ಮುಚ್ಚಿ, ಕಣ್ಣು ಬಿಡಿ, ಅರ್ಧ ಗಂಟೆಯಲ್ಲಿ ಮುಗಿದು ಊಟಕ್ಕೆ ಎದ್ದು ಹೋಗುವ ಆಟ. ಅದನ್ನೇ ಆನ್‌ಲೈನ್‌ನಲ್ಲಿ ವಾರಗಟ್ಟಲೆ ಎಳೆದು ಆಡುವ ರುಚಿ ಬೇರೆ. ಮುಖ ಕಾಣದು, ತೊದಲು ಕೇಳಿಸದು, ಬರೆದ ಮಾತೊಂದೇ ಕೈಗೆ ಸಿಗುವುದು. ನಮ್ಮ ಬಳಗ ಹಳೇ ಕಾಲೇಜಿನವರದು. ಸಾಗರ, ಶಿರಸಿ, ಬೆಂಗಳೂರು, ಮಸ್ಕತ್, ನ್ಯೂಜೆರ್ಸಿ ಅಂತ ಚದುರಿ ಹೋದವರು. ವರ್ಷವಿಡೀ ರಾಜಕೀಯ ಜಗಳ, ಚುನಾವಣೆ ಹತ್ತಿರ ಬಂತೆಂದರೆ ಯಾರಾದರೊಬ್ಬರು ಸಿಟ್ಟಿನಿಂದ ಗ್ರೂಪ್ ಬಿಟ್ಟು ಹೋಗಿ ವಾರಕ್ಕೆ ವಾಪಸ್ ಬರುವುದು ವಾಡಿಕೆ. ಇಂಥ ವಾಚಾಳಿಗಳ ಬಳಗದಲ್ಲೇ ಈ ಆಟ ಕಳೆಗಟ್ಟುವುದು. ಹದ ತಪ್ಪಿದರೆ ಆಟವೇ ಜಗಳವಾಗುವುದೂ ಅಲ್ಲೇ. ಹಾಗಾಗಿ ಆಟ ನಡೆಸುವವರ ಕೆಲಸ ದೊಡ್ಡದು.

ಮೊದಲು ವೇಷ. ಮೂಲ ಆಟ ಹುಟ್ಟಿದ್ದು 1980ರ ದಶಕದ ಎರಡನೇ ಅರ್ಧದಲ್ಲಿ, ಮಾಸ್ಕೋ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗದಲ್ಲಿದ್ದ ದಿಮಿತ್ರಿ ದಾವಿದೋವ್ ಅವರಿಂದ. 1997ರಲ್ಲಿ ಅಮೆರಿಕದ ಆಂಡ್ರ್ಯೂ ಪ್ಲಾಟ್ಕಿನ್ ಅದಕ್ಕೆ ತೋಳ-ಮನುಷ್ಯರ ವೇಷ ತೊಡಿಸಿದರು. ನಮಗೆ ಮಾಫಿಯಾವೂ ಗೊತ್ತಿಲ್ಲ, ತೋಳವೂ ಗೊತ್ತಿಲ್ಲ; ರೆಸಾರ್ಟ್ ರಾಜಕೀಯ ಮಾತ್ರ ಮಗ್ಗಿಯಷ್ಟು ಬಾಯಿಪಾಠ. 2019ರ ಜುಲೈ 23ರಂದು ವಿಧಾನಸಭೆಯಲ್ಲಿ 99ಕ್ಕೆ 105 ಮತಗಳಿಂದ ಸರ್ಕಾರ ಬಿದ್ದದ್ದನ್ನು ಟಿವಿ ಮುಂದೆ ಕೂತು ನೋಡಿದವರಿಗೆ ಆಟದ ಕತೆ ಬಿಡಿಸಿ ಹೇಳಬೇಕಿಲ್ಲ. ಒಂದು ಕಾಲ್ಪನಿಕ ಪಕ್ಷದ ಶಾಸಕರು ರೆಸಾರ್ಟ್ ಸೇರಿದ್ದಾರೆ. ಒಳಗೇ ಇಬ್ಬರು 'ಅತೃಪ್ತರು' ಇದ್ದಾರೆ, ಅವರಿಗೆ ಪರಸ್ಪರ ಗುರುತುಂಟು. ಪ್ರತಿ ರಾತ್ರಿ ಒಬ್ಬ ನಿಷ್ಠ ಶಾಸಕನನ್ನು ಹಾರಿಸಿಕೊಂಡು ಹೋಗುತ್ತಾರೆ. ಹಗಲಿನಲ್ಲಿ ಎಲ್ಲರೂ ಚರ್ಚಿಸಿ, ಮತ ಹಾಕಿ, ಒಬ್ಬರನ್ನು ಉಚ್ಚಾಟಿಸುತ್ತಾರೆ. ಸಾಯಿಸುವ ಮಾತೇ ಇಲ್ಲದ್ದರಿಂದ ಮನೆಯ ಮಕ್ಕಳು ಇಣುಕಿ ನೋಡಿದರೂ ತೊಂದರೆಯಿಲ್ಲ.

ನಿಜವಾದ ಪಕ್ಷದ ಹೆಸರು, ಚಿಹ್ನೆ, ಬಣ್ಣ ಯಾವುದೂ ಬೇಡ. ತಮಾಷೆಗೂ ಬೇಡ. ನಮ್ಮ ಆಟದ ಪಕ್ಷ 'ಅಖಿಲ ಕರ್ನಾಟಕ ಹಲಸಿನ ಪಕ್ಷ'.

ಒಂಬತ್ತು ಜನ ಸಿಕ್ಕರೆ ಆಟ ಹದವಾಗಿರುತ್ತದೆ. ಇಬ್ಬರು ಅತೃಪ್ತರು, ಒಬ್ಬ ಗುಪ್ತಚರ, ಒಬ್ಬ ಗನ್‌ಮ್ಯಾನ್, ಉಳಿದ ಐವರು ಸಾದಾ ಶಾಸಕರು. ಗುಪ್ತಚರ ರಾತ್ರಿಗೊಬ್ಬರ ಹೆಸರು ಕೊಟ್ಟು ಅವರು ಅತೃಪ್ತರೋ ಅಲ್ಲವೋ ಎಂದು ಸ್ಪೀಕರ್ ಬಳಿ ತಿಳಿದುಕೊಳ್ಳಬಹುದು. ಆಟ ನಡೆಸುವವರೇ ಸ್ಪೀಕರ್. ಗನ್‌ಮ್ಯಾನ್ ರಾತ್ರಿಗೊಬ್ಬರನ್ನು ಕಾಯುತ್ತಾನೆ. ಅತೃಪ್ತರು ಅವರನ್ನೇ ಗುರಿಯಿಟ್ಟರೆ ಆ ರಾತ್ರಿ ಯಾರೂ ಹೋಗುವುದಿಲ್ಲ. ಅತೃಪ್ತರ ಸಂಖ್ಯೆ ನಿಷ್ಠರಿಗೆ ಸಮನಾದ ಕೂಡಲೇ ಸರ್ಕಾರ ಬಿತ್ತು. ಲೆಕ್ಕ ಹಾಕಿ ನೋಡಿ: ಆಟ ಹಗಲಿನಿಂದ ಶುರುವಾಗಿ, ಗನ್‌ಮ್ಯಾನ್ ಯಾರನ್ನೂ ಉಳಿಸದಿದ್ದರೆ ನಿಷ್ಠರಿಗೆ ಎರಡು ತಪ್ಪು ಉಚ್ಚಾಟನೆಗಳ ಅವಕಾಶವಿದೆ, ಮೂರನೆಯದಕ್ಕೆ ಇಬ್ಬರಿಗಿಬ್ಬರು ಉಳಿದು ಆಟ ಮುಗಿಯುತ್ತದೆ. ಬಿಗಿ ಇರುವುದು ಇಲ್ಲೇ. 'ನಾವು ಬಹಳ ಜನ ಇದ್ದೇವೆ' ಎಂದು ಮೂರನೇ ಅತೃಪ್ತನನ್ನು ಸೇರಿಸಲು ಹೋಗಬೇಡಿ, ಎರಡನೇ ಹಗಲಿಗೇ ಆಟ ಕೈಬಿಡುತ್ತದೆ.

ಪಾತ್ರ ಹಂಚುವಾಗ ನಿಮ್ಮ ಮನಸ್ಸಿಗೆ ಬಂದಂತೆ ಹಂಚಬೇಡಿ. 'ಇವನು ಅತೃಪ್ತನಾದರೆ ಮಜಾ' ಎಂದು ನಿಮಗೆ ಅನ್ನಿಸಿದ್ದು ಹಳೇ ಗೆಳೆಯರಿಗೂ ಅನ್ನಿಸಿಯೇ ಅನ್ನಿಸುತ್ತದೆ. ಚಿಕ್ಕಂದಿನ ರಾಜ-ರಾಣಿ-ಕಳ್ಳ-ಪೊಲೀಸ್ ಆಟದ ಹಾಗೆ ಚೀಟಿ ಬರೆದು, ಡಬ್ಬಿಗೆ ಹಾಕಿ ಕುಲುಕಿ ತೆಗೆಯಿರಿ. ಒಬ್ಬೊಬ್ಬರಿಗೂ ಖಾಸಗಿ ಸಂದೇಶದಲ್ಲಿ ತಿಳಿಸಿ. ಎಲ್ಲರಿಗೂ ಒಂದೇ ಅಳತೆಯ, ಒಂದೇ ಧಾಟಿಯ ಸಂದೇಶ ಹೋಗಲಿ. ಆ ಸಂದೇಶದ ಸ್ಕ್ರೀನ್‌ಶಾಟ್ ಗ್ರೂಪಿಗೆ ಹಾಕಿದವರು ಅಲ್ಲಿಗೇ ಅನರ್ಹ.

ಗಡುವನ್ನು ಎಲ್ಲರ ಗಡಿಯಾರ ನೋಡಿ ಇಡಿ. ನಮ್ಮ ಹಗಲು 48 ಗಂಟೆ, ರಾತ್ರಿ 24 ಗಂಟೆ. ಮುಗಿಯುವುದು ನಮ್ಮ ರಾತ್ರಿ ಒಂಬತ್ತೂವರೆಗೆ, ಆಗ ಮಸ್ಕತ್‌ನಲ್ಲಿ ಎಂಟು, ನ್ಯೂಜೆರ್ಸಿಯಲ್ಲಿ ಬೇಸಿಗೆಯಾದರೆ ನಡುಮಧ್ಯಾಹ್ನ. ಯಾರಿಗೂ ನಿದ್ದೆಗೇಡಿಲ್ಲ. ಗಡುವಿಗೆ ಮುಂಚೆಯೇ ಉಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಒಬ್ಬರ ಮೇಲೆ ಬಿದ್ದರೆ ಹಗಲು ಅಲ್ಲಿಗೆ ಮುಗಿಯಿತು. ಮೊದಲ ದಿನ ಒಂಬತ್ತು ಜನರಲ್ಲಿ ಐದನೇ ಮತವೇ ಸುತ್ತಿಗೆ ಏಟು. ಆ ಐದನೇ ಮತವನ್ನು ಯಾರು, ಎಷ್ಟು ಅವಸರದಲ್ಲಿ ಹಾಕಿದರು ಎಂಬುದನ್ನು ಮುಂದಿನ ಮೂರು ದಿನ ಎಳೆದಾಡುತ್ತಾರೆ, ಎಳೆದಾಡಲೇಬೇಕು.

ಮತ ಬಹಿರಂಗವಾಗಿರಲಿ. 'ಮತ: ಶಿರಸಿ ವಕೀಲರು' ಎಂದು ಪ್ರತ್ಯೇಕ ಸಾಲಿನಲ್ಲಿ ಬರೆಯಬೇಕು, ಬದಲಿಸುವುದಾದರೆ 'ಮತ ವಾಪಸ್' ಎಂದು ಬರೆದು ಹೊಸದನ್ನು ಹಾಕಬೇಕು. ಟೆಲಿಗ್ರಾಂನ ಪೋಲ್ ಬಳಸಬೇಡಿ. ಅದರಲ್ಲಿ ಕೊನೆಯ ಎಣಿಕೆ ಸಿಗುತ್ತದೆ, ಮತ ಬಿದ್ದ ಕ್ರಮ ಸಿಗುವುದಿಲ್ಲ, ಆಟದ ಜೀವ ಇರುವುದೇ ಕ್ರಮದಲ್ಲಿ. ಇನ್ನೊಂದು ತಾಪತ್ರಯ: ಟೆಲಿಗ್ರಾಂನಲ್ಲಿ ಅಳಿಸಿದ ಸಂದೇಶ ಗುರುತೇ ಇಲ್ಲದೆ ಮಾಯವಾಗುತ್ತದೆ. ವಾಟ್ಸಾಪ್‌ನಲ್ಲಾದರೆ ಅಳಿಸಿದ ಜಾಗದಲ್ಲಿ ಒಂದು ಸಾಲು ಉಳಿಯುತ್ತದೆ. ಟೆಲಿಗ್ರಾಂ ಗ್ರೂಪಿನ ಅಡ್ಮಿನ್‌ಗಳಿಗೆ 'ರೀಸೆಂಟ್ ಆಕ್ಷನ್ಸ್'ನಲ್ಲಿ 48 ಗಂಟೆಗಳವರೆಗೆ ಅಳಿಸಿದ್ದು, ತಿದ್ದಿದ್ದು ಎರಡೂ ಕಾಣುತ್ತವೆ. ದಿನಕ್ಕೊಮ್ಮೆ ಅಲ್ಲಿ ಕಣ್ಣಾಡಿಸಿ, ಅಳಿಸಿದ್ದನ್ನು ಮತ್ತೆ ಗ್ರೂಪಿಗೆ ಅಂಟಿಸಿ. ಇದನ್ನು ಮೊದಲೇ ಹೇಳಿಬಿಟ್ಟರೆ ಯಾರೂ ಅಳಿಸುವ ಗೋಜಿಗೆ ಹೋಗುವುದಿಲ್ಲ.

ಇನ್ನು ಆಪಾದನೆಯ ವಿಷಯ, ಸ್ಪೀಕರ್ ತಲೆಕೆಡಿಸಿಕೊಳ್ಳಬೇಕಾದ ಜಾಗ. ಆಟ ಶುರುವಾದ ಎರಡನೇ ದಿನಕ್ಕೇ ಮಸ್ಕತ್‌ನಿಂದ ಒಂದು ಸಾಲು ಬಂತು: 'ವಕೀಲರು ಬಜೆಟ್ ಚರ್ಚೆಯಲ್ಲೂ ಹೀಗೇ ಮಾತು ತಿರುಗಿಸ್ತಾರೆ, ಇವರೇ ಅತೃಪ್ತರು.' ಕ್ಷಣದಲ್ಲಿ ವಕೀಲರು ಬಜೆಟ್ಟನ್ನು ಸಮರ್ಥಿಸಲು ಹೊರಟರು, ಬೆಂಗಳೂರಿನವಳು ತೆರಿಗೆ ಪಾಲಿನ ಮಾತು ಎತ್ತಿದಳು, ಹಲಸಿನ ಪಕ್ಷ ಎಲ್ಲರಿಗೂ ಮರೆತೇಹೋಯಿತು. ನಾನು ಆ ಸಾಲಿಗೆ ಕ್ರಿಯಾಲೋಪ ಎತ್ತಿ ಕಡತದಿಂದ ತೆಗೆಸಿದೆ. ನಮ್ಮ ನಿಯಮ ಇಷ್ಟೇ: ಯಾರ ಮೇಲಾದರೂ ಅನುಮಾನ ಪಡಿ, ಅನುಮಾನಕ್ಕೆ ಕಾರಣವಾದ ಅವರ ಸಂದೇಶಕ್ಕೆ ರಿಪ್ಲೈ ಮಾಡಿ ತೋರಿಸಿ, ಅದು ಈ ಆಟದ್ದೇ ಆಗಿರಲಿ. ಹಳೇ ಆಟಗಳಲ್ಲಿ ಅವರು ಹೇಗೆ ಆಡಿದ್ದರು ಎಂದು ಎತ್ತುವುದಕ್ಕೆ ನಾನು ಅಡ್ಡಿ ಮಾಡುವುದಿಲ್ಲ, ಅದು ಬೇಡ ಎನ್ನುವ ಆಟಗಾರರೂ ಇದ್ದಾರೆ. ರಾಜಕೀಯದ ಕೋಣೆಯಿಂದ (ಅಂದರೆ ಬಳಗದ ಮಾಮೂಲಿ ರಾಜಕೀಯ ಚರ್ಚೆಯಿಂದ), ಜಾತಿ-ಊರು-ಕೆಲಸದಿಂದ, ಯಾರಿಗೆ ವೋಟು ಹಾಕುತ್ತಾರೆ ಎಂಬ ಊಹೆಯಿಂದ ಒಂದು ಎಳೆಯನ್ನೂ ತರುವಂತಿಲ್ಲ.

ಒಪ್ಪುವ ಆಪಾದನೆ ಹೀಗಿರುತ್ತದೆ: 'ಮೊದಲ ದಿನ ಇವರು ಸಾಗರದವರ ಮೇಲೆ ಮತ ಹಾಕಿ, ಮೂರನೇ ಮತ ಬಿದ್ದ ಮೇಲೆ ವಾಪಸ್ ತೆಗೆದರು. ಕಾರಣ ಬರೆಯಲಿಲ್ಲ. ಸಾಗರದವರೂ ಇವರ ಬಗ್ಗೆ ಎರಡು ದಿನದಿಂದ ಚಕಾರ ಎತ್ತಿಲ್ಲ.' ಇದಕ್ಕೆ ಉತ್ತರ ಕೊಡಬಹುದು, ತಪ್ಪೆಂದು ತೋರಿಸಬಹುದು. 'ನಿನ್ನ ಮುಖವೇ ಹಾಗೆ' ಎಂಬುದಕ್ಕೆ ಏನು ಉತ್ತರ ಕೊಡುವುದು?

ಆಣೆ-ಪ್ರಮಾಣಕ್ಕೂ ತಡೆ ಇರಲಿ. 'ಮಕ್ಕಳಾಣೆ ನಾನು ನಿಷ್ಠ' ಎಂದರೆ ಆಟ ಸತ್ತಂತೆ. ನಂಬಿದರೆ ಅನುಮಾನಕ್ಕೆ ಜಾಗವಿಲ್ಲ, ನಂಬದಿದ್ದರೆ ಮನಸ್ತಾಪ. 2011ರ ಜೂನ್‌ನಲ್ಲಿ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ, ಮಾಜಿ ಮುಖ್ಯಮಂತ್ರಿ ಕುಮಾರಸ್ವಾಮಿ ಇಬ್ಬರೂ ಆಣೆಯ ಸವಾಲಿನ ಮೇಲೆ ಧರ್ಮಸ್ಥಳಕ್ಕೆ ಬಂದು, ಕೊನೆಗೆ ಆಣೆ ಮಾಡದೆ ದರ್ಶನ ಮುಗಿಸಿ ಹೋದದ್ದು ನೆನಪಿರಬಹುದು. ಅವರೇ ಬಿಟ್ಟದ್ದನ್ನು ನಾವು ಹಲಸಿನ ಪಕ್ಷಕ್ಕಾಗಿ ಮಾಡಬೇಕೇ? ಆಟದೊಳಗಿನ ಸುಳ್ಳಿಗೆ ಪೂರ್ತಿ ಮಾಫಿ, ಆಟದ ಹೊರಗಿನದನ್ನು ಒತ್ತೆ ಇಡುವಂತಿಲ್ಲ.

ಬಾಯಿ ಬಿಡದೆ ಕೂರುವವರು ಎಲ್ಲ ಬಳಗದಲ್ಲೂ ಇರುತ್ತಾರೆ. ಹಗಲಿಗೆ ಕನಿಷ್ಠ ಮೂರು ಸಂದೇಶ ಎಂದು ವಿಪ್ ಕೊಡಿ, ಒಮ್ಮೆ ಎಚ್ಚರಿಸಿ, ಆಮೇಲೆ ಬದಲಿ ಆಟಗಾರರನ್ನು ತನ್ನಿ. ಉಚ್ಚಾಟಿತರಿಗೂ ಹಾರಿಹೋದವರಿಗೂ 'ಗ್ಯಾಲರಿ' ಎಂಬ ಬೇರೆ ಗ್ರೂಪ್ ಮಾಡಿ, ಪಾತ್ರಗಳೆಲ್ಲ ಅಲ್ಲಿ ಬಯಲಾಗಲಿ. ಅಲ್ಲಿಯ ಹರಟೆ ಎಷ್ಟೋ ಸಲ ಆಟಕ್ಕಿಂತ ಚೆನ್ನಾಗಿರುತ್ತದೆ.

ಆಟ ಒಂದೆರಡು ಸುತ್ತು ಆದ ಮೇಲೆ ಇದೇ ಶಿಸ್ತನ್ನು ರಾಜಕೀಯದ ಕೋಣೆಗೂ ದಾಟಿಸಿ ನೋಡಿ. ನಮ್ಮಲ್ಲಿ ತಿಂಗಳಿಗೊಂದು ಗೊತ್ತುವಳಿ: 75 ಸದಸ್ಯರ ವಿಧಾನ ಪರಿಷತ್ತು ರಾಜ್ಯಕ್ಕೆ ಬೇಕೇ ಬೇಡವೇ, ಇಂಥದ್ದು. ಶುರುವಿಗೆ ಎಲ್ಲರೂ ಬಹಿರಂಗವಾಗಿ ಮತ ಹಾಕಬೇಕು, 48 ಗಂಟೆ ವಾದ, ಆಮೇಲೆ ಮತ್ತೆ ಮತ. ಹೆಚ್ಚು ಮತ ಪಡೆದವರನ್ನು ಬಿಟ್ಟು, ಹೆಚ್ಚು ಜನರನ್ನು ತಮ್ಮ ಕಡೆ ತಿರುಗಿಸಿದವರಿಗೆ ಗೆಲುವು ಕೊಡಿ. ಮತ ಬದಲಿಸಿದವರು ಯಾವ ಸಂದೇಶ ಓದಿ ಬದಲಿಸಿದೆವೆಂದು ಅದಕ್ಕೇ ರಿಪ್ಲೈ ಮಾಡಬೇಕು. ಪಕ್ಷಾಂತರ ನಿಷೇಧ ಕಾಯ್ದೆ 1985ರಿಂದ ಶಾಸಕರಿಗಿದೆ, ನಮಗಿಲ್ಲವಲ್ಲ.

ಆಟ ಮುಗಿದ ರಾತ್ರಿಯೇ ಅತೃಪ್ತರ ಗುಟ್ಟಿನ ಚಾಟ್, ಗುಪ್ತಚರನ ಪ್ರಶ್ನೆಗಳು, ಚೀಟಿಗಳ ಫೋಟೋ ಎಲ್ಲವನ್ನೂ ಗ್ರೂಪಿಗೆ ಹಾಕಿಬಿಡಿ. ಮರುದಿನಕ್ಕೆ ಮುಂದೂಡಿದರೆ 'ಸ್ಪೀಕರ್ ಅವರ ಕಡೆ' ಎಂಬ ಗುಸುಗುಸು ಹುಟ್ಟುತ್ತದೆ. ಮುಂದಿನ ಆಟಕ್ಕೆ ಸ್ಪೀಕರ್ ಬದಲಾಗಬೇಕು, ಮೊದಲು ಉಚ್ಚಾಟನೆಗೊಂಡವರಿಗೇ ಆ ಕುರ್ಚಿ.